ಹಾರ್ಲನ್ ತುಂಬಿಕೊಡದ ತೋಟಾಗಳು

ಹಾರಿಸಿ ಖಾಲಿಯಾದ ಐದು ಪಿಸ್ತೂಲು ತೋಟಾಗಳನ್ನು ಅಂಗೈಗೆ ಸುರಿದುಕೊಂಡು ಗ್ಲೆಂಡಾ ಕಿವಿಯ ಹತ್ತಿರ ಮೆಲ್ಲಗೆ ಕುಲುಕಿದಳು. ಒಳ್ಳೆಯ ಹಿತ್ತಾಳೆ ಚಿಲ್ಲರೆ ಕಾಸಿನ ಹಾಗೆ ಕಿಲಕಿಲ ಎನ್ನುತ್ತದೆ. ಬಿರುಕು ಬಿಟ್ಟದ್ದು ಒಂದೇ ಒಂದು ಸೇರಿಕೊಂಡಿದ್ದರೂ ಸಾಕು, ಒಡೆದ ಮಡಕೆ ತಟ್ಟಿದಂತೆ ದನಿ ಮಂಕಾಗುತ್ತದೆ. ಇವು ಎರಡೂ ಅಲ್ಲ. ದನಿ ಶುದ್ಧವಾಗಿಯೇ ಇತ್ತು, ಆದರೆ ನೆಗಡಿಯಾದವರು ಹಾಡಿದಷ್ಟು ದಪ್ಪ.

"ಏನಂತವೆ?" ಎಂದ ಎಮೆಟ್. ಗ್ಯಾರೇಜಿನ ಬಾಗಿಲ ಬಳಿ ಬಕೆಟ್ ಬೋರಲು ಹಾಕಿಕೊಂಡು ಕೂತಿದ್ದ.

"ಇನ್ನೂ ಬಾಯಿ ಬಿಟ್ಟಿಲ್ಲ ಅಂಕಲ್. ಗುರುತು ಪರಿಚಯ ಇಲ್ದೋರು ಇವರೆಲ್ಲ."

"ನಲವತ್ತು ವರ್ಷದಿಂದ ನಿಮ್ಮನೆ ನಮ್ಮನೇಲೇ ಇದಾವೆ. ಇನ್ನೆಷ್ಟು ಪರಿಚಯ ಆಗ್ಬೇಕು ನಿಂಗೆ?"

ಎಮೆಟ್‌ಗೆ ಎಂಬತ್ತೆರಡು. ಗ್ಲೆಂಡಾಳ ಅಪ್ಪ ಹಾರ್ಲನ್‌ನ ಜೀವದ ಗೆಳೆಯ. ಮರದ ಮಿಲ್ಲಿನಲ್ಲಿ ಇಬ್ಬರೂ ಒಂದೇ ಗರಗಸದ ಎರಡು ತುದಿಯಲ್ಲಿ ನಿಂತು ಇಪ್ಪತ್ತಾರು ವರ್ಷ ದುಡಿದವರು. ಗುರುವಾರ ಸಂಜೆಯಾದರೆ ಪಿಸ್ತೂಲು ಕ್ಲಬ್ಬಿನ ಮೈದಾನದಲ್ಲಿ ಮತ್ತೆ ಅಕ್ಕಪಕ್ಕ ನಿಲ್ಲುತ್ತಿದ್ದರು. ಹಾರ್ಲನ್ ತೀರಿಕೊಂಡು ಒಂಬತ್ತು ವರ್ಷವಾಯಿತು. ಅವನ ಬೆಂಚು, ತೋಟಾ ತುಂಬುವ ಪ್ರೆಸ್ಸು, ಮದ್ದಿನ ತಕ್ಕಡಿ ಎಲ್ಲ ಈಗ ಗ್ಲೆಂಡಾಳ ಗ್ಯಾರೇಜಿನಲ್ಲಿವೆ. ಬೆಳಿಗ್ಗೆ, ಮಧ್ಯಾಹ್ನ ಶಾಲೆಯ ಬಸ್ಸು ಓಡಿಸಿ ಬಂದು, ಉಳಿದ ಹೊತ್ತೆಲ್ಲ ಅವಳು ಅದೇ ಬೆಂಚಿನ ಮುಂದೆ ಕೂರುತ್ತಾಳೆ. ಯಾರಾದರೂ ಕಂಡರಿಯದ ಅಚ್ಚಿನ ಹಿತ್ತಾಳೆ ತಂದರೆ ಇಡೀ ಪೈನ್ ಫೋರ್ಕ್ ಊರಿಗೆ ಅವಳ ಮಾತೇ ಕೊನೆಯ ಮಾತು. ಮತ್ತೆ ಮದ್ದು ತುಂಬಲು ಆಗುತ್ತೆ ಎಂದರೆ ಆಗುತ್ತೆ, ಇಲ್ಲ ಎಂದರೆ ಇಲ್ಲ.

ಈ ಐವತ್ತು ತೋಟಾಗಳ ಕತೆಯನ್ನು ಅವಳು ಚಿಕ್ಕಂದಿನಿಂದ ಎಷ್ಟು ಸಲ ಕೇಳಿದ್ದಳೋ ಲೆಕ್ಕವಿಲ್ಲ. ಎಪ್ಪತ್ತೊಂದನೇ ಇಸವಿಯಲ್ಲಿ ಹೆಲೆನಾ ಊರಿನ ಜೋಡಿ ಸ್ಪರ್ಧೆಯಲ್ಲಿ ಇವರ ಪಕ್ಕದ ಗೆರೆಯಲ್ಲಿ ಯಾವ ದೇಶದವನೋ ಒಬ್ಬ ಎತ್ತರದ ಆಸಾಮಿ ನಿಂತಿದ್ದನಂತೆ. ಗುಂಡು ಹಾರಿಸಿದ, ಪಿಸ್ತೂಲು ಡಬ್ಬಿಗಿಟ್ಟ, ಕೆಳಗೆ ಬಿದ್ದ ಹಿತ್ತಾಳೆಯ ಕಡೆ ಕಣ್ಣೂ ಹಾಯಿಸದೆ ಹೊರಟೇ ಹೋದ. ತುಂಬಿದ ತಟ್ಟೆ ಬಿಟ್ಟು ಎದ್ದು ಹೋದವನನ್ನು ನೋಡುವಂತೆ ಇವರಿಬ್ಬರೂ ಬಾಯಿ ಬಿಟ್ಟುಕೊಂಡು ನೋಡಿದರು. ಬಿದ್ದದ್ದು ಬಗ್ಗಿದವನಿಗೆ ಎಂಬುದು ಮೈದಾನದ ಕಾನೂನು. ಇಬ್ಬರೂ ಒಟ್ಟಿಗೇ ಬಗ್ಗಿ ತಲೆಗೆ ತಲೆ ಡಿಕ್ಕಿ ಹೊಡೆದುಕೊಂಡು, ಹುಲ್ಲಿನ ಮೇಲೆ ಕೂತು ಕಣ್ಣಲ್ಲಿ ನೀರು ಬರುವವರೆಗೆ ನಕ್ಕರಂತೆ. ಆವತ್ತೇ ಜೋಡಿ ಬಹುಮಾನವೂ ಇವರಿಗೇ ಬಂತು. ತೋಟಾದ ಬುಡದಲ್ಲಿ ಒಂದು ನಕ್ಷತ್ರ, ಎರಡು ಅಕ್ಷರ. ಯಾವ ಕಾರ್ಖಾನೆಯದೋ ಊರಲ್ಲಿ ಯಾರಿಗೂ ತಿಳಿಯಲಿಲ್ಲ.

ಇವನ್ನು ತುಂಬಿಕೊಡುತ್ತೇನೆ, ಮುಂದಿನ ವರ್ಷ ಇವುಗಳಲ್ಲೇ ಗೆಲ್ಲೋಣ ಎಂದಿದ್ದ ಹಾರ್ಲನ್. ಆ ಮುಂದಿನ ವರ್ಷ ಬರಲೇ ಇಲ್ಲ. ಪ್ರತಿ ಶರತ್ಕಾಲದಲ್ಲೂ ಎಮೆಟ್ ಕೇಳುವನು, ಪ್ರತಿ ಸಲವೂ ಹಾರ್ಲನ್ ಮುಂದಿನ ವರ್ಷ ಎನ್ನುವನು. ಕೊನೆಗೊಮ್ಮೆ ಕಾಫಿ ಡಬ್ಬಿಗೆ ಹಾಕಿ, ನಿನ್ನ ಹತ್ತಿರವೇ ಇರಲಿ ಎಂದು ಗೆಳೆಯನ ಕೈಗೇ ಕೊಟ್ಟುಬಿಟ್ಟ. ಸೋಮಾರಿ ನನ್ನ ಮಗ ಎಂದು ಎಮೆಟ್ ಅವನನ್ನು ಸತ್ತ ಮೇಲೂ ಬೈಯುತ್ತಿದ್ದ. ಬೈಯುವಾಗ ಅವನ ದನಿ ಮಾತ್ರ ಮೆತ್ತಗಾಗುತ್ತಿತ್ತು.

ಈಗ ಎಮೆಟ್‌ನ ಕಣ್ಣು ಕೈಕೊಟ್ಟಿತ್ತು. ಯಾವುದನ್ನು ನೋಡಿದರೂ ನಟ್ಟನಡುವೆ ಒಂದು ಮಸಿ, ಸುತ್ತ ಅಂಚು ಮಾತ್ರ ಕಾಣುವುದು. ಬರುವ ವಾರ ಟೂಸಾನಿನಲ್ಲಿರುವ ಮಗಳು ಬಂದು ಕರೆದುಕೊಂಡು ಹೋಗುವವಳಿದ್ದಳು. ಭಾನುವಾರ ಕ್ಲಬ್ಬಿನವರು ಅವನಿಗಾಗಿ ಹತ್ತು ಗುಂಡಿನ ಒಂದು ಸುತ್ತು ಇಟ್ಟುಕೊಂಡಿದ್ದರು. ಆ ಹತ್ತು ಗುಂಡು ಈ ಹಿತ್ತಾಳೆಯಿಂದಲೇ ಹಾರಬೇಕು, ಅದಷ್ಟೇ ಅವನ ಆಸೆ.

"ನಿಮ್ಮಪ್ಪ ಮಾಡ್ಲಿಲ್ಲ. ನೀನಾದ್ರೂ ಮಾಡು ಕಣೇ," ಎಂದ. "ಇಬ್ಬರ ಕೈ ತೋಟಾ ಬಿಟ್ರೆ ಬೇರೆಯವರ್ದು ನಾನು ಮುಟ್ಟಿದೋನಲ್ಲ. ಒಬ್ಬ ಹೋದ. ಇನ್ನೊಬ್ಬಳು ನೀನು."

ಅದು ಬರೀ ಬೆಣ್ಣೆ ಮಾತಲ್ಲ. ಬೇರೆಯವರು ಮದ್ದು ತುಂಬಿದ ತೋಟಾ ಹಾರಿಸಬಾರದು ಎಂಬುದು ಅಲ್ಲಿ ಮಕ್ಕಳಿಗೂ ಗೊತ್ತಿರುವ ನಿಯಮ. ತೂಕ ತಪ್ಪಿದರೆ ಹೋಗುವುದು ಹಾರಿಸಿದವನ ಬೆರಳು, ತುಂಬಿದವನದಲ್ಲ. ನೋಡಿ ಹೇಳುತ್ತೇನೆ ಎಂದು ಗ್ಲೆಂಡಾ ಅವನನ್ನು ಪಕ್ಕದ ಮನೆಯವರ ಪಿಕಪ್ಪಿಗೆ ಹತ್ತಿಸಿ ಬಂದಳು.

ಮೊದಲು ಅಯಸ್ಕಾಂತ ಹಿಡಿದು ನೋಡಿದಳು. ಅಂಟಲಿಲ್ಲ. ಹಿತ್ತಾಳೆಯ ಬಣ್ಣ ಬಳಿದ ಉಕ್ಕಲ್ಲ, ಅಪ್ಪಟ ಹಿತ್ತಾಳೆ. ಆಮೇಲೆ ಟಾರ್ಚ್ ಹಾಕಿ ಒಳಗೆ ಇಣುಕಿದಳು. ತಳದಲ್ಲಿ ಕಿಡಿ ಹಾಯುವ ತೂತು ನಡುವೆ ಒಂದೇ ಇತ್ತು. ಎರಡಿದ್ದರೆ ಬುಡದಲ್ಲಿ ಕಿಡಿ ಹೊತ್ತಿಸುವ ಹಳೆಯ ಕೇಪು ಕೀಳಲು ಬರುವುದಿಲ್ಲ, ಅಲ್ಲಿಗೇ ಮಾತು ಮುಗಿಯುತ್ತದೆ. ಅವಳಿಗೆ ಖುಷಿಯಾಯಿತು. ಆದರೂ ಆ ದಪ್ಪ ದನಿ ಕಿವಿಯಿಂದ ಹೋಗಿರಲಿಲ್ಲ. ಹತ್ತು ವರ್ಷದವಳಿದ್ದಾಗ ಅಪ್ಪ ಅವಳನ್ನು ಇದೇ ಬೆಂಚಿನ ಮೇಲೆ ಕೂರಿಸಿ, ಕಣ್ಣು ಮುಚ್ಚು ಎಂದು ಹೇಳಿ, ಎಡಗಿವಿಗೆ ಒಳ್ಳೆಯದು ಬಲಗಿವಿಗೆ ಕೆಟ್ಟದ್ದು ಕುಲುಕಿ ಕೇಳಿಸುತ್ತಿದ್ದ. ಅವನ ಬೆರಳಿಗೆ ಮರದ ರಾಳದ, ಮದ್ದಿನ ಹೊಗೆಯ ವಾಸನೆ ಇರುತ್ತಿತ್ತು. ಸರಿಯಾಗಿ ಹೇಳಿದರೆ ಕಿವಿ ಹಿಂಡಿ ನಗುತ್ತಿದ್ದ, ತಪ್ಪಿ ಹೇಳಿದರೂ ಕಿವಿ ಹಿಂಡಿ ನಗುತ್ತಿದ್ದ.

ಒಂದನ್ನು ಬೆಂಚಿನ ವೈಸಿಗೆ ಬಿಗಿದು ಸಣ್ಣ ಗರಗಸದಿಂದ ಉದ್ದಕ್ಕೆ ಸೀಳಿದಳು. ಒಳಗೋಡೆ ಬಾಯಿಯಿಂದ ಬುಡದವರೆಗೆ ನುಣ್ಣಗೆ ಇಳಿಯಬೇಕು. ಇಲ್ಲಿ ಅರ್ಧ ದಾರಿಯಲ್ಲಿ ಒಂದು ಮೆಟ್ಟಿಲಿತ್ತು. ಮೆಟ್ಟಿಲಿನ ಕೆಳಗೆ ಗೋಡೆ ದಪ್ಪ, ಮೇಲೆ ತೆಳು. ಇನ್ನೊಂದನ್ನು ಸೀಳಿದಳು. ಅಲ್ಲಿಯೂ ಅದೇ ಮೆಟ್ಟಿಲು, ಅದರ ಮೂಲೆಗುಂಟ ಕೂದಲೆಳೆಯಷ್ಟು ಕಪ್ಪು ಗೆರೆ. ಮತ್ತೊಮ್ಮೆ ಮದ್ದು ತುಂಬಿ ಹಾರಿಸಿದರೆ ತೋಟಾ ಆ ಗೆರೆಯಲ್ಲೇ ಎರಡಾಗಬಹುದು. ಆಗದೆಯೂ ಇರಬಹುದು. ಬಹುದು ಎಂಬ ಮಾತಿನ ಮೇಲೆ ಎಂಬತ್ತೆರಡರ ಮುದುಕನ ಕೈಗೆ ಪಿಸ್ತೂಲು ಕೊಡಲಾಗದು.

ಕೆಟ್ಟ ಹಿತ್ತಾಳೆಯನ್ನು ಇಟ್ಟುಕೊಳ್ಳಬಾರದು, ಬೇಡ ಎಂದ ಕೂಡಲೇ ಇಕ್ಕಳದಲ್ಲಿ ಜಜ್ಜಿಬಿಡಬೇಕು, ಇಲ್ಲವಾದರೆ ನಾಳೆ ಯಾರೋ ಗೊತ್ತಿಲ್ಲದವರು ತುಂಬಿ ಕಣ್ಣು ಕಳೆದುಕೊಳ್ಳುತ್ತಾರೆ ಎಂದು ಹಾರ್ಲನ್ ಹೇಳಿಕೊಟ್ಟಿದ್ದ. ಗ್ಲೆಂಡಾಳ ಕೈ ಅಭ್ಯಾಸಬಲದಿಂದ ಇಕ್ಕಳ ಎತ್ತಿಕೊಂಡಿತು. ಒಂದೊಂದೇ ಬಾಯಿ ಚಪ್ಪಟೆ ಮಾಡಿ ಗುಜರಿ ಬಕೆಟ್ಟಿಗೆ ಹಾಕುತ್ತ ಹೋದಳು. ನಲವತ್ತೆಂಟನೆಯದನ್ನು ಜಜ್ಜಿದ ಮೇಲೆ ಕಾಫಿ ಡಬ್ಬಿ ಖಾಲಿಯಾಗಿ ಎದುರಿಗೆ ನಿಂತಿತ್ತು. ತಾನು ಏನು ಮಾಡಿದೆನೆಂದು ಅವಳಿಗೆ ಹೊಳೆದದ್ದು ಆಗ. ತುಂಬಲು ಬಾರದಿದ್ದರೂ ಇಟ್ಟುಕೊಳ್ಳಲು ಬರುತ್ತಿತ್ತಲ್ಲ. ಮುದುಕ ಅವನ್ನು ಟೂಸಾನಿಗೆ ಒಯ್ದು ಕಿಟಕಿಯಲ್ಲಿಟ್ಟುಕೊಂಡು ದಿನಾ ಕುಲುಕುತ್ತಿದ್ದನಲ್ಲ. ಮಿಂಚಿ ಹೋದ ಕೆಲಸಕ್ಕೆ ಚಿಂತಿಸಿ ಫಲವೇನು ಎಂದುಕೊಂಡಳು. ಹಾಗೆಂದುಕೊಂಡು ರಾತ್ರಿ ಊಟ ಬಿಟ್ಟಳು.

ಮರುದಿನ ತನ್ನದೇ ಒಳ್ಳೆಯ ಹಿತ್ತಾಳೆಯಲ್ಲಿ ಹತ್ತು ತೋಟಾ ತುಂಬಿದಳು. ಮದ್ದನ್ನು ಎರಡೆರಡು ಸಲ ತೂಗಿದಳು. ಭಾನುವಾರ ಮೈದಾನಕ್ಕೆ ಹೋದ ತಕ್ಷಣ ನಿಜ ಹೇಳಿಬಿಡಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಳು. ಹೋಗಿ ನೋಡಿದರೆ ಎಮೆಟ್ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಎಪ್ಪತ್ತೊಂದರ ಬಹುಮಾನದ ಬಿಲ್ಲೆಯನ್ನು ಜೇಬಿಗೆ ಸಿಕ್ಕಿಸಿಕೊಂಡು, ಹರೆಯದವರಿಗೆಲ್ಲ ಹೆಲೆನಾದ ಕತೆ ಹೇಳುತ್ತಿದ್ದಾನೆ. ಇವಳ ಹೆಜ್ಜೆಯ ಸದ್ದಿಗೇ ತಿರುಗಿ ಕೈ ಚಾಚಿದ.

"ಹಾರ್ಲನ್ ಕೊಟ್ಟ ಡಬ್ಬಿದೇ ತಾನೆ?"

ಮಾತು ಬಿಸಿತುಪ್ಪವಾಯಿತು. "ಹೂಂ," ಎಂದಳು ಗ್ಲೆಂಡಾ.

ಅವನು ಬೆರಳಿನಿಂದಲೇ ಒಂದೊಂದಾಗಿ ತೋಟಾ ತುಂಬಿಸಿದ. ಮುಖವನ್ನು ತುಸು ಓರೆ ಮಾಡಿ, ಕಣ್ಣಂಚಿನಿಂದ ಗುರಿಯನ್ನು ಹುಡುಕಿ, ಅವಸರವಿಲ್ಲದೆ ಹತ್ತನ್ನೂ ಹಾರಿಸಿದ. ಆರು ಗುಂಡು ಗುರಿಹಲಗೆಯ ನಡುವಿನ ಕಪ್ಪಿನೊಳಗೆ ಬಿದ್ದಿದ್ದವು. ಯಾರೋ ಕೂಗಿ ಹೇಳಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಪಿಸ್ತೂಲು ಖಾಲಿ ಮಾಡಿ ಮೇಜಿನ ಮೇಲಿಟ್ಟ ಮೇಲೆ ಅವನು ಅರವತ್ತು ವರ್ಷ ಮಾಡಿದ್ದನ್ನೇ ಮಾಡಿದ. ಮಂಡಿಯೂರಿ ಹುಲ್ಲಿನಲ್ಲಿ ಕೈಯಾಡಿಸಿ ತನ್ನ ಹಿತ್ತಾಳೆ ಆರಿಸತೊಡಗಿದ. ಗ್ಲೆಂಡಾ ಬೇಡವೆಂದರೂ ಕೇಳಲಿಲ್ಲ. ನಾಲ್ಕೈದು ಸಿಕ್ಕಿದ ಕೂಡಲೇ ಅಂಗೈಯಲ್ಲಿಟ್ಟು ಕಿವಿಯ ಬಳಿ ಕುಲುಕಿದ.

ಇದನ್ನು ಅವಳು ಮರೆತೇಬಿಟ್ಟಿದ್ದಳು. ಬೇರೆಯವರೆಲ್ಲ ಗಂಡಸ್ತನ ತೋರಿಸಲು ಬರಿಗಿವಿಯಲ್ಲಿ ನಿಲ್ಲುತ್ತಿದ್ದ ಕಾಲದಲ್ಲಿ ಎಮೆಟ್ ಒಬ್ಬನೇ ಕಿವಿಗೆ ಮೇಣ ತುಂಬಿಕೊಂಡು ಅಜ್ಜಿ ಎಂದು ಹೆಸರು ಹಾಕಿಸಿಕೊಂಡಿದ್ದ. ಅವನ ಜೊತೆಯವರೆಲ್ಲ ಈಗ ಕಿವುಡರು. ಅವನಿಗೆ ಉಳಿದದ್ದು ಕಿವಿಯೊಂದೇ.

ಮತ್ತೊಮ್ಮೆ ಕುಲುಕಿದ. ಕಿಲಕಿಲ ಎಂದವು.

"ಇವು ನಿನ್ನವು," ಎಂದ.

ಅವಳು ಪಕ್ಕದಲ್ಲಿ ಕುಕ್ಕರಿಸಿದಳು. ಒಳಗೆ ಮೆಟ್ಟಿಲಿತ್ತೆಂದೂ, ಒಂದರಲ್ಲಿ ಬಿರುಕೂ ಇತ್ತೆಂದೂ ತಗ್ಗಿದ ದನಿಯಲ್ಲಿ ಹೇಳಿದಳು. ಉಳಿದವು ಎಲ್ಲಿ ಎಂದು ಅವನು ಕೇಳಿದ. ಜಜ್ಜಿಬಿಟ್ಟೆ ಎಂದಳು. ಎಲ್ಲವನ್ನೂ ಎಂದು ಕೇಳಿದ. ಎಲ್ಲವನ್ನೂ ಎಂದಳು. ಎಮೆಟ್ ಹುಲ್ಲನ್ನೇ ಸವರುತ್ತ ಕೂತ. ಅವಳಿಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು.

"ಮೂವತ್ತು ವರ್ಷ ನಂಗೆ ಮುಂದಿನ್ ವರ್ಷ ಮುಂದಿನ್ ವರ್ಷ ಅಂದ," ಎಂದ ಕೊನೆಗೆ. "ಸೋಮಾರಿ ಅಂತ ಬೈದೆ ನಾನು. ಒಳಗಿನ ಮೆಟ್ಟಿಲು ನೋಡಿದ್ದ ಅವನು. ನೋಡಿ, ನನ್ ಹತ್ರ ಹೇಳಕ್ಕಾಗ್ದೆ ಡಬ್ಬಿ ವಾಪಸ್ ಕೊಟ್ಟ."

"ಅಪ್ಪ ಯಾಕೆ ಜಜ್ಜಲಿಲ್ಲ ಅಂಕಲ್? ಬೇರೆ ಯಾವುದನ್ನೂ ಬಿಟ್ಟೋನಲ್ಲ."

"ಅವನಿಗೆ ಮನಸ್ಸು ಬರ್ಲಿಲ್ಲ. ನಿಂಗೆ ಬಂತು." ಅವನು ಉಸಿರು ಬಿಟ್ಟ. "ನೀ ಮಾಡಿದ್ದೇ ಸರಿ. ಆದ್ರೆ ನಂಗೆ ಹೇಳ್ಬೇಕಿತ್ತು ಕಣೇ. ಕಣ್ಣು ಹೋಗಿದೆ ಅಂತ ನೀನೂ ನಂಗೆ ಏನೋ ಒಂದು ಕೈಲಿಟ್ಟು ಸಾಗಹಾಕಿದ್ರೆ, ನಾನು ಇನ್ಯಾರನ್ನ ನಂಬ್ಲಿ?"

ಗೆರೆಯ ಹಿಂದೆ ಮುಂದಿನ ಸುತ್ತಿನವರು ಕಾಯುತ್ತಿದ್ದರು. ಯಾರೂ ಅವಸರ ಮಾಡಲಿಲ್ಲ. ಎಮೆಟ್ ಅಂಗಿಯ ತೋಳಿನಿಂದ ಮೂಗು ಒರೆಸಿಕೊಂಡು ಮತ್ತೆ ಹುಲ್ಲಿಗೆ ಕೈ ಹಾಕಿದ.

"ಬಿಡಿ ಅಂಕಲ್, ಆಮೇಲೆ ನಾನೇ ಆರಿಸ್ತೀನಿ."

"ಒಳ್ಳೇ ಹಿತ್ತಾಳೆ. ಯಾಕೆ ಬಿಡ್ಬೇಕು?" ಎಂದ. ಬೆರಳಿಗೆ ಸಿಕ್ಕಿದ್ದನ್ನು ಒಂದೊಂದಾಗಿ ಅಂಗೈಗೆ ಸೇರಿಸಿಕೊಂಡ. "ಒಂಬತ್ತಾಯ್ತು. ಇನ್ನೊಂದೆಲ್ಲಿ?"

ಇಬ್ಬರೂ ಮಂಡಿಯ ಮೇಲೆ ತೆವಳುತ್ತ ಹುಡುಕಿದರು. ಬಿಸಿಲಿಗೆ ಹುಲ್ಲು ಹಿತ್ತಾಳೆಯ ಬಣ್ಣಕ್ಕೇ ತಿರುಗಿತ್ತು. ಹತ್ತನೆಯದು ಗ್ಲೆಂಡಾಳ ಕಣ್ಣಿಗೆ ಬಿತ್ತು. ಎಮೆಟ್‌ನ ಬೆರಳುಗಳು ಅದರಿಂದ ಒಂದು ಗೇಣು ಆಚೆ ತಡಕಾಡುತ್ತಿದ್ದವು. ಅವನಿಗೇ ಸಿಗಲಿ ಎಂದು ಅರೆಕ್ಷಣ ಸುಮ್ಮನಿದ್ದಳು.

"ಎಡಗಡೆ ಅಂಕಲ್," ಎಂದಳು ಆಮೇಲೆ. "ನಿಮ್ಮ ಮೊಣಕಾಲ ಹತ್ರಾನೇ ಇದೆ."

ಅವನು ಅದನ್ನು ಎತ್ತಿಕೊಂಡು, ಅದರ ಬಾಯಿಗೆ ಸಿಕ್ಕಿದ್ದ ಹುಲ್ಲನ್ನು ಊದಿ, ಉಳಿದ ಒಂಬತ್ತರ ಜೊತೆ ಅವಳ ಅಂಗೈಗೆ ಹಾಕಿ ಬೆರಳುಗಳನ್ನು ಮಡಿಸಿದ.