ಬಟ್ಟಲಿನ ಅಂಚು

ಆಯಸ್ಕಾಂತವು ಬಟ್ಟಲಿನ ಮೈಯನ್ನು ಹಿಡಿಯದೆ ಜಾರಿ ಮೇಜಿನ ಮೇಲೆ ಬಿತ್ತು. ನೆಲಕ್ಕೆ ಚೆಲ್ಲಿದ ಗುಂಡುಸೂಜಿಗಳನ್ನು ಆರಿಸಲೆಂದು ದರ್ಜಿಯವಳು ಹೊಲಿಗೆ ಯಂತ್ರದ ಪಕ್ಕದಲ್ಲಿ ಇಟ್ಟುಕೊಂಡಿದ್ದ ಆಯಸ್ಕಾಂತವದು. ಅವಳು ಇನ್ನೊಮ್ಮೆ ಒತ್ತಿ ಹಿಡಿದು ಬಿಟ್ಟಳು. ಮತ್ತೆ ಬಿತ್ತು.

"ಕಬ್ಬಿಣ ಅಲ್ಲ ಅಂತಾಯ್ತು, ಅಷ್ಟೇ," ಎಂದಳು ಅಕ್ಕ. ಮಾತಿಗೆ ಮಾತು ಪೋಣಿಸುವ ಅವಳಿಗೆ ಮನೆಯಲ್ಲಿ ವಕೀಲಮ್ಮ ಎಂದೇ ಹೆಸರು. "ಹಿತ್ತಾಳೆಗೂ ಅಂಟಲ್ಲ, ತಾಮ್ರಕ್ಕೂ ಅಂಟಲ್ಲ. ಈಗಲೇ ಕುಣೀಬೇಡ."

ವಕೀಲಮ್ಮ ದೊಡ್ಡಮ್ಮನ ಸ್ವಂತ ಮಗಳು, ದರ್ಜಿಯವಳು ಸಾಕುಮಗಳು. ಮೂರು ತಿಂಗಳ ಕೂಸನ್ನು ದೊಡ್ಡಮ್ಮನ ಮಡಿಲಿಗೆ ಹಾಕಿ ಹೋದ ಹೆತ್ತವಳು ಮತ್ತೆ ತಿರುಗಿ ನೋಡಿರಲಿಲ್ಲ. ಕೂಸಿನೊಂದಿಗೆ ಬಿಟ್ಟುಹೋದದ್ದು ಈ ಬಟ್ಟಲೊಂದನ್ನೇ. ಬೆಳ್ಳಿಯದೆಂದು ದೊಡ್ಡಮ್ಮ ಹೇಳುತ್ತ ಬಂದಿದ್ದಳು, ಗುಜರಿಯೆಂದು ವಕೀಲಮ್ಮ ನಗುತ್ತ ಬಂದಿದ್ದಳು. ಬೆಳ್ಳಿಯೇ ಆಗಿದ್ದರೆ, ಮಗುವನ್ನು ಬಿಡುವಾಗ ಹೆತ್ತವಳ ಕೈ ಒಂದು ಗಳಿಗೆಯಾದರೂ ಹಿಂಜರಿದಿರಬೇಕು. ದರ್ಜಿಯವಳಿಗೆ ಬೇಕಾಗಿದ್ದುದು ಆ ಒಂದು ಗಳಿಗೆ. ಪೆಟ್ಟಿಗೆಯ ಬಟ್ಟೆಗಳನ್ನು ಬಿಸಿಲಿಗೆ ಹರವುವಾಗ ಇಂದು ಬಟ್ಟಲು ಹೊರಬಂದದ್ದೇ ತಡ, ಅವಳು ಯಂತ್ರ ನಿಲ್ಲಿಸಿ ಎದ್ದಿದ್ದಳು.

ವಕೀಲಮ್ಮ ಫ್ರಿಜ್ಜಿನಿಂದ ಎರಡು ಐಸ್ ತುಂಡು ತಂದು ಒಂದನ್ನು ಬಟ್ಟಲಿಗೆ, ಇನ್ನೊಂದನ್ನು ಸ್ಟೀಲ್ ಲೋಟಕ್ಕೆ ಹಾಕಿದಳು. ಬೆಳ್ಳಿಯಲ್ಲಿ ಬೇಗ ಕರಗುತ್ತದಂತೆ. ಲೋಟದ ತುಂಡು ಜಪ್ಪಯ್ಯ ಎನ್ನದೆ ಕೂತಿತ್ತು. ಬಟ್ಟಲಿನದು ನೋಡನೋಡುತ್ತಲೇ ಮೂಲೆಗಳನ್ನು ಕಳೆದುಕೊಂಡಿತು.

"ಅಕ್ಕಾ, ನೋಡೇ!"

"ನೋಡ್ದೆ ಬಿಡು. ತಾಮ್ರಕ್ಕೆ ಬೆಳ್ಳಿ ಲೇಪ ಹಾಕಿದ್ರೂ ಹೀಗೇ ಕರಗುತ್ತೆ. ಸ್ವಲ್ಪ ಕೆರೆದ್ರೆ ಒಳಗಿನ ಬಣ್ಣ ಗೊತ್ತಾಗುತ್ತೆ." ಕತ್ತರಿ ಮಸೆಯುವ ಅರವನ್ನು ಎತ್ತಿಕೊಂಡು ಅವಳು ಬಟ್ಟಲಿನ ಮೇಲೆ ಬಗ್ಗಿದಳು. "ಇಗೋ, ಇಲ್ಲಿ ಅಂಚು ಹೇಗೂ ತಗ್ಗುತಗ್ಗಾಗಿದೆ. ಕಚ್ಚಿ ಕಚ್ಚಿ ಹಾಳು ಮಾಡಿದೀಯಲ್ಲೇ, ಇಲಿ!"

ಮಂಚದ ಮೇಲೆ ಬಟ್ಟೆ ಮಡಚುತ್ತಿದ್ದ ದೊಡ್ಡಮ್ಮ ತಲೆಯೆತ್ತದೆಯೇ ಹೇಳಿದಳು: "ಅವಳೆಲ್ಲಿ ಕಚ್ಚಿದ್ಲು? ಬಂದಾಗ ಹಲ್ಲೇ ಇರಲಿಲ್ಲ. ಬಂದ ದಿನಾನೇ ಬಟ್ಟೇಲಿ ಸುತ್ತಿ ಪೆಟ್ಟಿಗೇಲಿ ಇಟ್ಟಿದ್ದೆ. ಆ ಗುರುತು ಆಗಲೇ ಇತ್ತು."

ಅರ ಅಂಚಿನ ಮೇಲೆಯೇ ನಿಂತಿತು.

"ಮತ್ತೆ ಯಾರದ್ದು, ದೊಡ್ಡಮ್ಮ?"

"ನಿನ್ನ ಹೆತ್ತವಳದ್ದು, ಇನ್ಯಾರದ್ದು? ಹಲ್ಲು ಬರೋವಾಗ ಇದನ್ನೇ ಕಡೀತಿದ್ಲಂತೆ, ಅವಳೇ ಹೇಳಿದ್ಲು."

"ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?"

"ಕೇಳಿದ್ರೆ ತಾನೇ ಹೇಳೋದು? ನೀವಿಬ್ರೂ ಕೇಳಿದ್ದೆಲ್ಲ ಬೆಳ್ಳಿನಾ, ಅಲ್ವಾ ಅಂತ."

ವಕೀಲಮ್ಮ ಅರವನ್ನು ದಾರದುಂಡೆಗಳ ನಡುವೆ ಮೆಲ್ಲಗೆ ಇಟ್ಟಳು.

ದರ್ಜಿಯವಳು ಬಟ್ಟಲನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು. ಲೋಟದಲ್ಲಿ ಐಸ್ ಇನ್ನೂ ಉಳಿದಿತ್ತು. ಬಟ್ಟಲಿನಲ್ಲಿ ನೀರು ಮಾತ್ರ. ಅಂಚಿನ ಸುತ್ತ ಹೆಬ್ಬೆರಳಾಡಿಸಿ ಆ ತಗ್ಗುಗಳನ್ನು ಹುಡುಕಿ, ಅಲ್ಲಿಗೇ ತುಟಿ ಹಚ್ಚಿ, ತಣ್ಣನೆಯ ನೀರನ್ನು ನಿಧಾನವಾಗಿ ಕುಡಿದಳು.