ಅಂಜಲಿನ ತುಂಡು

ಟೆಸ್ಟರಿನೊಳಗೆ ಕೆಂಪು ಹೊತ್ತಿಕೊಳ್ಳಲಿಲ್ಲ, ಪಕ್ಕದ ಸಾಕೆಟ್ಟಿನಲ್ಲೂ ಇಲ್ಲ, ಊಟದ ಕೋಣೆಯಿಂದ ಅಡುಗೆಮನೆಯವರೆಗೆ ಇಡೀ ಸಾಲು ಸತ್ತು ಮಲಗಿದೆ, ನಾನು ಸ್ಟೂಲಿನ ಮೇಲೆ ನಿಂತು ಸ್ವಿಚ್ಚುಬೋರ್ಡಿನ ಒಳಗೆ ಇಣುಕುತ್ತ ಏನೂ ತಿಳಿಯದವನ ಹಾಗೆ ಹುಬ್ಬು ಗಂಟಿಕ್ಕಿಕೊಂಡಿದ್ದೇನೆ, ಕೆಳಗೆ ಈಶ್ವರಪ್ರಸಾದ ಭಟ್ರು ಟಾರ್ಚು ಹಿಡಿದಿದ್ದಾರೆ, ಭಟ್ರು ನನಗೆ ಟಾರ್ಚು ಹಿಡಿಯುವುದು, ಸ್ವಲ್ಪ ಎಡಕ್ಕೆ ಎಂದರೆ ಎಡಕ್ಕೆ, ಮೇಲೆ ಎಂದರೆ ಮೇಲೆ, ಕೈ ನೋಯಲಿ, ಇನ್ನೂ ಹತ್ತು ನಿಮಿಷ ಹೀಗೆಯೇ ನಿಲ್ಲಿಸುತ್ತೇನೆ. ಎಂತ ಆದದ್ದು ಮನೀಶ, ಹೊಸ ಮನೆ ಅಲ್ವಾ ಮಾರಾಯ, ಎರಡು ವರ್ಷ ಆಗಲಿಲ್ಲ. ನೋಡ್ತಾ ಇದ್ದೇನೆ ಭಟ್ರೇ. ನೋಡುವುದಕ್ಕೆ ಏನಿದೆ, ಎಲ್ಲಿ ಹೋಗಿದೆ ಎಂದು ನನಗೆ ಗೊತ್ತು, ನನಗೊಬ್ಬನಿಗೇ ಗೊತ್ತು, ಇದೇ ಗೋಡೆ, ನೆಲದಿಂದ ಏಳು ಅಡಿ, ಬಾಗಿಲ ದಾರಂದದಿಂದ ಎರಡು ಗೇಣು, ಪೈಪು ಬಾಗುವ ಕಡೆ — ಅಲ್ಲಿ ವಯರನ್ನು ಕತ್ತರಿಸಿ, ಸಡಿಲವಾಗಿ ತಿರುಚಿ, ಒಂದೇ ಸುತ್ತು ಟೇಪು ಹಾಕಿ ಒಳಗೆ ತಳ್ಳಿದವನು ನಾನು, ಗೋಡೆಯೊಳಗೆ ಜಾಯಿಂಟ್ ಇಡಬಾರದು ಎನ್ನುವುದು ನಮ್ಮ ಕೆಲಸದ ಮೊದಲ ಪಾಠ, ಅದನ್ನು ಒಂದೇ ಒಂದು ಸಲ, ಬೇಕೆಂದೇ ಮರೆತೆ, ಮರುದಿನ ಮೇಸ್ತ್ರಿ ಬಂದು ಅದರ ಮೇಲೆ ಸಿಮೆಂಟು ಮೆತ್ತಿ ನುಣ್ಣಗೆ ಮಾಡಿಕೊಟ್ಟ. ಕಿಸೆಯಲ್ಲಿ ಫೋನು ನಡುಗುತ್ತಿದೆ, ಭವಿತನೇ ಇರಬೇಕು, ಚಿಕ್ಕಮ್ಮನ ಮಗ, ದೋಹಾದಿಂದ, ಐದು ಗಂಟೆಯೊಳಗೆ ಹೌದೋ ಇಲ್ಲವೋ ಹೇಳು, ಕಂಪನಿಗೆ ಹೆಸರು ಕೊಡಬೇಕು, ಇದು ಎರಡು ವರ್ಷದ ವೀಸಾ ಅಲ್ಲ ಮಾರಾಯ, ಪರ್ಮನೆಂಟ್ ಕೆಲಸ, ಹೆಂಡತಿ ಹರಿಣಾಕ್ಷಿಯನ್ನೂ ಮಗಳನ್ನೂ ಕರಕೊಂಡು ಬರಬಹುದು, ಎಷ್ಟು ವರ್ಷ ಕಂಟ್ರಾಕ್ಟ್ ಅಂತ ಏಣಿ ಹೊತ್ತುಕೊಂಡು ಅವರಿವರ ಮನೆ ಸುತ್ತುವುದು. ಗಡಿಯಾರದಲ್ಲಿ ನಾಲ್ಕು ಹತ್ತು.

ಕಿಟಕಿಯಿಂದ ಅಂಗಳ ಕಾಣುತ್ತದೆ, ಹಳೆಯ ಮನೆ ಕೆಡವಿದರು, ಅಂಗಳಕ್ಕೆ ಇಂಟರ್‌ಲಾಕ್ ಹಾಸಿದರು, ಆದರೆ ಜಾಗ ಎಲ್ಲಿಗೆ ಹೋಗುತ್ತದೆ, ತುಳಸಿಕಟ್ಟೆಯಿಂದ ಐದು ಹೆಜ್ಜೆ, ಅಲ್ಲಿಯೇ, ಹನ್ನೊಂದು ವರ್ಷದ ಹಿಂದೆ, ವಯರ್‌ಮ್ಯಾನ್ ಪರ್ಮಿಟ್ ಸಿಕ್ಕಿದ ಮೇಲೆ ನನ್ನ ಮೊದಲ ಕೆಲಸ ಇದೇ ಭಟ್ರ ಹಳೆಯ ಮನೆಯಲ್ಲಿ, ಇನ್ನೊಬ್ಬ ಕಂಟ್ರಾಕ್ಟರನ ಕೈಕೆಳಗೆ, ಆ ಸಂತೋಷಕ್ಕೆ ನನ್ನ ಅಮ್ಮ ಕಿನ್ನಿ, ಅಗ್ಗದ ಬೂತಾಯಿ ಬಂಗುಡೆ ಬಿಟ್ಟು ಬೇರೆ ಮೀನಿನ ಬುಟ್ಟಿಯನ್ನು ತಿರುಗಿಯೂ ನೋಡದವಳು, ದುಬಾರಿ ಅಂಜಲ್ ಮೀನು ತಂದಿದ್ದಳು, ಒಂದೇ ತುಂಡು, ನಿನಗೆ ಅಂದಳು, ನನಗೆ ಹಲ್ಲು ನೋವು ಅಂದಳು, ಹೊಸ ಸ್ಟೀಲಿನ ಡಬ್ಬಿಯಲ್ಲಿ ಅನ್ನದ ಮೇಲೆ ಇಟ್ಟು ಕೊಟ್ಟಳು. ಅದನ್ನು ಈ ಮನೆಯಲ್ಲಿ ತೆರೆಯುವ ಯೋಚನೆ ನನಗೆಲ್ಲಿತ್ತು, ಅಷ್ಟು ಬುದ್ಧಿಯಿಲ್ಲವೇ, ಆಚೆ ಗುಡ್ಡೆಯಲ್ಲಿ ಗೇರುಮರದ ಅಡಿ ಕೂತು ತಿನ್ನುವುದೆಂದು ಬೆಳಗ್ಗೆಯೇ ಮರ ನೋಡಿಟ್ಟಿದ್ದೆ. ಹನ್ನೊಂದು ಗಂಟೆಗೆ ಒಂದು ಕಟ್ಟು ವಯರ್ ಕಾಣುವುದಿಲ್ಲ ಎಂದಾಯಿತು. ಹೊಸಬ ಯಾರು, ನೀನಾ, ನಿನ್ನ ಬ್ಯಾಗು ತೋರಿಸು, ಅಂದರು ಭಟ್ರು. ನಾಲ್ಕು ಜನ ಕೆಲಸಕ್ಕಿದ್ದೆವು, ನಾಲ್ಕು ಬ್ಯಾಗು ಸಾಲಾಗಿ ಜಗಲಿಯಲ್ಲಿದ್ದವು, ನನ್ನದನ್ನು ಮಾತ್ರ ಎತ್ತಿಕೊಂಡು ಅಂಗಳಕ್ಕಿಳಿದರು, ತಲೆಕೆಳಗೆ ಮಾಡಿ ಕೊಡವಿದರು, ಪ್ಲಯರು ಬಿತ್ತು, ಸ್ಕ್ರೂಡ್ರೈವರು ಬಿತ್ತು, ಟೇಪು ಉರುಳಿಕೊಂಡು ಹೋಯಿತು, ಡಬ್ಬಿ — ಮುಚ್ಚಳ ಹಾರಿ ಅನ್ನ ಚೆಲ್ಲಿ, ಆ ತುಂಡು ಸೆಗಣಿ ಸಾರಿಸಿದ ಅಂಗಳದಲ್ಲಿ ಕೆಂಪಗೆ ಕೂತುಕೊಂಡಿತು. ಛೆ ಛೆ, ಎತ್ತು ಅದನ್ನು, ಮೊದಲು ಅದನ್ನು ಎತ್ತು. ವಯರಿನ ಮಾತೇ ನಿಂತುಹೋಯಿತು. ಎತ್ತಿದೆ, ಬೈಯಲಿಲ್ಲ, ಬ್ಯಾಗು ಮುಖಕ್ಕೆ ಎಸೆಯಲಿಲ್ಲ, ಬಗ್ಗಿ ಎರಡು ಬೆರಳಲ್ಲಿ ಎತ್ತಿದೆ, ಅದೇ ನನ್ನನ್ನು ಇಂದಿಗೂ ತಿನ್ನುವುದು. ಆಮೇಲೆ ವಸುಮತಿಯಕ್ಕ, ಭಟ್ರ ಹೆಂಡತಿ, ಬಾಲ್ದಿಯಲ್ಲಿ ಸೆಗಣಿ ನೀರು ತಂದು ಹಿಡಿಸೂಡಿಯಿಂದ ಅಷ್ಟೇ ಜಾಗ ಗುಡಿಸಿ ತೊಳೆದರು, ನನ್ನ ಮುಖ ನೋಡಲೇ ಇಲ್ಲ. ವಯರು ಎರಡು ದಿನ ಬಿಟ್ಟು ಅವರದೇ ಅಟ್ಟದಲ್ಲಿ ಸಿಕ್ಕಿತಂತೆ, ಅದನ್ನು ಹೇಳುವುದಕ್ಕೆ ನೆಕ್ರಾಜೆಯ ನಮ್ಮ ಮನೆಗೆ ಯಾರೂ ಬರಲಿಲ್ಲ. ಆ ಸಂಜೆ ಅಮ್ಮ ಡಬ್ಬಿ ತೊಳೆಯುತ್ತ ಕೇಳಿದಳು, ಮೀನು ಹೇಗಿತ್ತು ಮಗಾ. ಒಳ್ಳೆದಿತ್ತು ಅಮ್ಮ, ಅಂದೆ.

ಹಾಗಾಗಿ ಭಟ್ರು ಹೊಸ ಮನೆ ಕಟ್ಟಿಸುತ್ತಾರೆಂದು ಕೇಳಿದ ದಿನವೇ ಅವರ ಊರು ಅಗಲ್ಪಾಡಿಗೆ ಬೈಕು ತಿರುಗಿಸಿದೆ, ಉಳಿದವರಿಗಿಂತ ಕಡಿಮೆ ರೇಟು ಹೇಳಿದೆ, ಹೆಸರು ಹೇಳಿದೆ, ಊರು ಹೇಳಿದೆ, ಮುಖವನ್ನು ನೇರ ಅವರ ಮುಖದೆದುರು ಹಿಡಿದೆ — ನೋಡಲಿ, ಗುರುತಿಸಲಿ, ಒಂದು ಕ್ಷಣ ಬೆವರಲಿ ಎಂದು. ನಿನ್ನ ಕೆಲಸ ಒಳ್ಳೆದುಂಟಂತೆ, ಕುಂಬ್ಡಾಜೆಯವರು ಹೇಳಿದರು, ಅಂದರು. ಅಷ್ಟೇ. ಗುರುತೇ ಇಲ್ಲ. ಆ ದಿನವೇ ನಿಶ್ಚಯಿಸಿದೆ. ಎರಡು ವರ್ಷ ಕಾದೆ, ಈ ಮನೆಯ ನಂಬರು ಫೋನಿನಲ್ಲಿ ಬಂದಾಗಲೆಲ್ಲ ಅದೇ ಇರಬೇಕು ಎಂದುಕೊಂಡು ಎತ್ತಿದೆ, ಒಮ್ಮೆ ಫ್ಯಾನು, ಒಮ್ಮೆ ಪಂಪು, ಕೊನೆಗೆ ಇಂದು ಬೆಳಗ್ಗೆ, ಮನೀಶ, ಅರ್ಧ ಮನೆಗೆ ಕರೆಂಟಿಲ್ಲ, ಒಮ್ಮೆ ಬಾ ಮಾರಾಯ. ಎಷ್ಟು ಸರಿಯಾದ ದಿನ ನೋಡಿ. ನನಗೂ ಗೊತ್ತಾಗುವುದಿಲ್ಲ ಭಟ್ರೇ, ಗೋಡೆಯೊಳಗೆ ಎಲ್ಲೋ ಹೋಗಿದೆ, ಒಡೆದೇ ನೋಡಬೇಕು ಎಂದು ಹೇಳಿ ಸ್ಟೂಲಿನಿಂದ ಇಳಿಯುವುದು, ಭವಿತನಿಗೆ ಹೌದು ಎನ್ನುವುದು, ಸಿಮೆಂಟು ಮೆತ್ತುವ ಮೊದಲು ತೆಗೆದಿಟ್ಟ ಪೈಪುಗಳ ಫೋಟೊ ನನ್ನ ಫೋನಿನಲ್ಲಿ ಮಾತ್ರ ಇರುವುದು, ಅದನ್ನೂ ಅಳಿಸುವುದು, ವಿಮಾನ ಹತ್ತುವುದು. ಇವರು ಗೋಡೆಗೆ ಕಿವಿಯಿಟ್ಟು ತಟ್ಟುತ್ತಾ ತಿರುಗಲಿ, ಬಣ್ಣದ ಗೋಡೆ ಒಂದೊಂದಾಗಿ ಒಡೆಯಲಿ, ಈ ಟೈಲ್ಸು, ಈ ದೇವರ ಕೋಣೆ, ಎಲ್ಲ ಹೊಟ್ಟೆ ಬಗೆದು ಅಂಗಳಕ್ಕೆ ಕೊಡವಲಿ. ಹನ್ನೊಂದು ವರ್ಷದಲ್ಲಿ ಇಷ್ಟು ಚಂದದ ಮಧ್ಯಾಹ್ನ ನನಗೆ ಬಂದಿರಲಿಲ್ಲ.

ಚಾ ಕುಡಿ ಮನೀಶ, ಆಮೇಲೆ ನೋಡಿದರಾಯಿತು. ವಸುಮತಿಯಕ್ಕ ಲೋಟ ತಂದು ಊಟದ ಮೇಜಿನ ಮೇಲೆಯೇ ಇಟ್ಟಿದ್ದಾರೆ, ಅವರು ಕುಡಿಯುವಂಥದೇ ಲೋಟ, ಅದು ಬೇರೆ ಸಿಟ್ಟು, ಈಗ ಕಾಲ ಬದಲಾಯಿತು ಎನ್ನುವ ಹಾಗೆ, ಬದಲಾಗುವಾಗ ನನ್ನನ್ನು ಯಾರೂ ಕೇಳಲಿಲ್ಲ. ನಿನ್ನೆ ಇಲ್ಲಿ ಸುಟ್ಟ ವಾಸನೆ ಬರ್ತಿತ್ತು, ಗೋಡೆ ಬಿಸಿ ಇತ್ತು, ಇವರಿಗೆ ಹೇಳಿದರೆ ನಂಬಲಿಲ್ಲ. ಅಕ್ಕ ಅಂಗೈ ಎತ್ತಿ ಗೋಡೆಗೆ ಇಟ್ಟರು, ಬಾಗಿಲ ದಾರಂದದಿಂದ ಸರಿಯಾಗಿ ಎರಡು ಗೇಣು, ಹಿಡಿಸೂಡಿ ಹಿಡಿದ ಅದೇ ಕೈ, ನನ್ನ ಜಾಯಿಂಟಿನ ಕೆಳಗೆ, ಅವರು ಸಾಯಲಿ ಎಂದು ನಾನು ಬಯಸಿದ್ದಿಲ್ಲ, ಕತ್ತಲಲ್ಲಿ ತಡವರಿಸಲಿ ಎಂದಷ್ಟೇ, ಆದರೆ ಬೆಂಕಿಗೆ ಅದೆಲ್ಲ ಹೇಳಿದರೆ ತಿಳಿಯುತ್ತದೆಯೇ. ಇರಲಿ, ಲೈನ್ ಆಫ್ ಮಾಡಿದ್ದೇನೆ. ನಾನು ಹೋದ ಮೇಲೆ ಬೇರೆ ವಯರ್‌ಮ್ಯಾನ್ ಬರುತ್ತಾನೆ, ಕೃಷ್ಣಕುಮಾರನೇ ಬರುತ್ತಾನೆ, ಈ ಅಕ್ಕ ಹೀಗೆಯೇ ಅಂಗೈ ಇಟ್ಟು ತೋರಿಸುತ್ತಾರೆ, ಅವನು ಅಲ್ಲಿಯೇ ಒಡೆಯುತ್ತಾನೆ, ಕರಿದಾದ ಆ ತುದಿಗಳನ್ನು ಹೊರಗೆಳೆದು — ಏನು ಹೇಳುತ್ತಾನೆ. ಸೇಡು ಎನ್ನುತ್ತಾನೆಯೇ. ಯಾರು ಭಟ್ರೇ ಇದನ್ನು ಮಾಡಿದ್ದು, ಮನೀಶನಾ, ಅವನಿಗೆ ಕೆಲಸ ಬರುವುದಿಲ್ಲ, ಎನ್ನುತ್ತಾನೆ. ಕಂಟ್ರಾಕ್ಟರಂತೆ, ದೋಹಾದಲ್ಲಿ ಇವನನ್ನು ಯಾರು ತೆಗೆದುಕೊಂಡರೋ. ಅಂದು ಕಳ್ಳ, ಇನ್ನು ಕೆಲಸ ಬಾರದವನು, ಇದೇ ಅಂಗಳದಲ್ಲಿ ಎರಡನೆಯ ಸಲ, ಅದೂ ನಾನೇ ನನ್ನ ಕೈಯಾರೆ. ಹೇಳದಿದ್ದರೆ ಇದು ಸೇಡೇ ಅಲ್ಲ. ಹೇಳಿದರೆ, ಬೇಕೆಂದೇ ಮಾಡಿದೆ ಎಂದು ಬಾಯಿಬಿಟ್ಟರೆ, ನೆಕ್ರಾಜೆಯಿಂದ ಕುಂಬ್ಡಾಜೆಯವರೆಗೆ ಒಬ್ಬನೂ ನನ್ನನ್ನು ಮನೆಯ ಒಳಗೆ ಬಿಡಲಾರ, ಪರ್ಮಿಟ್ ಹೋದೀತು, ಕಂಟ್ರಾಕ್ಟ್ ಇಂದಿಗೇ ಮುಗಿಯಿತು. ಓಹೋ, ದೋಹಾ ಇರುವುದು ಇದಕ್ಕೆ. ನಾಲ್ಕು ಐವತ್ತು. ಬರುತ್ತೇನೆ, ಹೆಸರು ಕೊಡು ಎಂದು ಭವಿತನಿಗೆ ಕಳಿಸಿದೆ, ಹರಿಣಾಕ್ಷಿಯನ್ನೂ ಕೇಳದೆ ಕಳಿಸಿದೆ.

ಅಕ್ಕ, ನೀವು ಸ್ವಲ್ಪ ಆಚೆ ನಿಲ್ಲಿ. ಉಳಿ ಇಟ್ಟು ಸುತ್ತಿಗೆ ಎತ್ತುತ್ತೇನೆ, ಅಯ್ಯೋ ಗೋಡೆ ಯಾಕೆ ಮಾರಾಯ, ಅಲ್ಲೇ ಅಂತ ಹೇಗೆ ಗೊತ್ತು ನಿನಗೆ, ಗೊತ್ತು ಭಟ್ರೇ, ಟಾರ್ಚು ಸರಿ ಹಿಡಿಯಿರಿ, ಬಣ್ಣ ಉದುರಿತು, ಸಿಮೆಂಟು ಉದುರಿತು, ಪೈಪು, ಪೈಪಿನ ಬಾಗು, ಕರಟಿದ ಎರಡು ತುದಿ ಅಂಗೈಗೆ ಬಂದವು. ಇದನ್ನು ನಾನೇ ಇಟ್ಟದ್ದು ಭಟ್ರೇ, ತಪ್ಪಿ ಅಲ್ಲ, ಬೇಕೆಂದೇ, ನೀವು ಅಂದು ನನ್ನ ಬ್ಯಾಗು ಈ ಅಂಗಳದಲ್ಲಿ ಕೊಡವಿದಿರಲ್ಲ, ಡಬ್ಬಿ ಬಿತ್ತಲ್ಲ, ಮೀನು ಬಿತ್ತಲ್ಲ, ಎತ್ತು ಅಂದಿರಲ್ಲ, ಅದಕ್ಕೆ. ಸ್ಪಷ್ಟವಾಗಿ ಹೇಳಿದೆ, ಹನ್ನೊಂದು ವರ್ಷ ಅಭ್ಯಾಸ ಮಾಡಿದ ಮಾತು. ಭಟ್ರ ಕೈಯ ಟಾರ್ಚು ಅಲುಗಲಿಲ್ಲ, ನಾನು ಹೇಳಿದಲ್ಲಿಯೇ ನೆಟ್ಟಗೆ ಇದೆ, ಅವರು ನನ್ನನ್ನು ನೋಡಿದರು, ಹೆಂಡತಿಯನ್ನು ನೋಡಿದರು, ಸುಳ್ಳಲ್ಲ, ನಾಟಕವಲ್ಲ, ನಿಜವಾಗಿ ಹುಡುಕುತ್ತಿದ್ದಾರೆ, ಎಲ್ಲ ಮೂಲೆ ತಡಕುತ್ತಿದ್ದಾರೆ, ಸಿಗುತ್ತಿಲ್ಲ. ಯಾವ ಮೀನು ಮನೀಶ. ನಮ್ಮ ಅಂಗಳದಲ್ಲಿ ಮೀನಾ, ಅಂದರು ಅಕ್ಕ, ಯಾವಾಗ. ಕಿಸೆಯಲ್ಲಿ ಫೋನು ನಡುಗಿತು, ಹೆಸರು ಕೊಟ್ಟಾಯಿತು ಎಂದಿರಬೇಕು. ಯಾವ ಮೀನು ಅಂದರೆ, ಅಂಜಲ್, ಒಂದೇ ತುಂಡು, ಕೆಂಪು ಮಸಾಲೆ, ಅಂಚಿಗೆ ಅನ್ನದ ಒಂದು ಅಗುಳು ಅಂಟಿಕೊಂಡು, ಅದರ ಮೇಲೆ ಆಗಲೇ ಹತ್ತಿದ ಒಂದು ಇರುವೆ — ಮೀನು ಹೇಗಿತ್ತು ಮಗಾ — ಅಂಗಳದಲ್ಲಿ, ತುಳಸಿಕಟ್ಟೆಯಿಂದ ಐದು ಹೆಜ್ಜೆ, ಆ ತುಂಡು.