ಆಗಿಬಂದ ಹೆಸರು

ಕಾರಿನ ವಿಮೆ ತಾನಾಗಿಯೇ ನವೀಕರಣಗೊಂಡಿದೆ, ಹಣ ಖಾತೆಯಿಂದ ಹೋಗಿದೆ ಎಂಬ ಮೆಸೇಜು ಬಂದಾಗ ಸುಧಾಮಣಿ ಚಾಮರಾಜನಗರದ ತನ್ನ ಕಚೇರಿಯಲ್ಲಿ ಬುತ್ತಿ ಬಿಚ್ಚುತ್ತಿದ್ದಳು. ಕಾರು ಅವಳ ಹೆಸರಿನಲ್ಲಿತ್ತು. ಓಡಿಸುತ್ತಿದ್ದವನು ಗುಂಡ್ಲುಪೇಟೆಯಲ್ಲಿ ಬೇರೊಬ್ಬಳೊಡನೆ ಸಂಸಾರ ಹೂಡಿದ್ದ ಅವಳ ಗಂಡ ಮಹಾಲಿಂಗ.

ವರ್ಷವರ್ಷವೂ ನೆನಪಿಟ್ಟುಕೊಂಡು ಕಟ್ಟುವ ರಗಳೆ ಬೇಡವೆಂದು ಶೋರೂಮಿನಲ್ಲೇ ಅವಳ ಸಂಬಳದ ಖಾತೆಯನ್ನು ವಿಮೆಗೆ ಜೋಡಿಸಿದ್ದವನು ಅವನೇ. ಬಿಟ್ಟುಹೋದ ಮೇಲೂ ಎರಡು ಸಲ ಹಣ ಹೋಗಿತ್ತು. ಅವಳು ಸುಮ್ಮನಿದ್ದಳು. ಯಾರಿಗೂ ಹೇಳದ ಕಾರಣವೊಂದಿತ್ತು. ಅವನ ಊಟ, ಬಟ್ಟೆ, ಜ್ವರ ಎಲ್ಲವೂ ಇನ್ನೊಬ್ಬಳ ಪಾಲಾದ ಮೇಲೆ ಹೆಂಡತಿಯೆಂದು ತನಗೆ ಉಳಿದಿರುವ ಕೆಲಸ ಇದೊಂದೇ ಎನ್ನಿಸುತ್ತಿತ್ತು. ಆದರೆ ಹಿಂದಿನ ವಾರ ಸಂತೇಮರಹಳ್ಳಿ ಸರ್ಕಲ್ಲಿನಲ್ಲಿ ಆ ಕಾರು ಅವಳ ಪಕ್ಕದಲ್ಲೇ ನಿಂತಿತ್ತು. ಅವನು ಅವಳನ್ನು ನೋಡಿದ, ನೋಡಿ ಗಾಜು ಏರಿಸಿದ. ಈಗ ಮೆಸೇಜು ಓದುತ್ತಿದ್ದಂತೆ, ಇಷ್ಟು ದಿನ ತಾನು ಪೂಜೆಯಂತೆ ಇಟ್ಟುಕೊಂಡಿದ್ದು ಎಂಥದ್ದನ್ನು ಎಂದು ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

ವಿಮೆ ರದ್ದು ಮಾಡಿ ಎಂದು ಕೇಳಿದಾಗ ಕಂಪನಿಯ ಹುಡುಗಿ ಫೋನಿನಲ್ಲಿ ನಯವಾಗಿಯೇ ಮಾತಾಡಿದಳು. ರದ್ದಾಗಬೇಕಾದರೆ ಗಾಡಿಗೆ ಬೇರೆ ವಿಮೆಯಾಗಿರಬೇಕು, ಇಲ್ಲವೇ ಗಾಡಿ ಬೇರೆಯವರ ಹೆಸರಿಗೆ ಹೋಗಿರಬೇಕು. ವಿಮೆಯಿಲ್ಲದೆ ಓಡಿ ಯಾರಿಗಾದರೂ ಗುದ್ದಿದರೆ, ಓಡಿಸಿದವರು ಯಾರೇ ಇರಲಿ, ಕೋರ್ಟು ಮಾಲೀಕರನ್ನೂ ಕೇಳುತ್ತದೆ ಎಂದಳು. ಅಂದರೆ ಅವನು ಮಾಡುವ ಪಾಪಕ್ಕೂ ತಾನೇ ಒಡತಿ. ಆ ಕಾರು ತನ್ನ ಹೆಸರಿನಿಂದ ಇಳಿಯಲೇಬೇಕು ಎಂದು ಸುಧಾಮಣಿ ಗಟ್ಟಿ ಮಾಡಿಕೊಂಡಳು.

ಭಾನುವಾರ ತೆರಕಣಾಂಬಿ ಮೇಲೆ ಗುಂಡ್ಲುಪೇಟೆಗೆ ಹೋಗುವ ಬಸ್ಸು ಹತ್ತಿ ಅವನ ಮನೆಗೆ ಹೋದಳು. ಮಹಾಲಿಂಗ ಚೆಂಡುಹೂವಿನ ಏಜೆಂಟು. ಬೇಗೂರಿನ ಕಡೆಯ ಹೊಲಗಳಿಗೆ ಹೊರಡಲೆಂದು ಕಾರನ್ನು ಬಾಗಿಲ ಮುಂದೆ ತಂದು ನಿಲ್ಲಿಸಿದ್ದ. ಹಿಂದಿನ ಗಾಜಿನ ಮೇಲೆ ಕೆಂಪು ಅಕ್ಷರದಲ್ಲಿ 'ಭಾನು' ಎಂದಿತ್ತು. ಯಾರೆಂದು ಅವಳು ಕೇಳಲಿಲ್ಲ. ಒಳಗಿನಿಂದ ಮಗುವೊಂದು ಅಳುವುದು ಕೇಳಿಸುತ್ತಿತ್ತು.

ನಾಳೆಯೇ ಆರ್‌ಟಿಒ ಆಫೀಸಿಗೆ ಬಂದು ಕಾರನ್ನು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ ಎಂದು ಸುಧಾಮಣಿ ಹೇಳಿದಾಗ ಅವನು ನಕ್ಕ.

"ಮರ್ತ್‌ಬುಟ್ಯಾ? ಕಬ್ಬಣ ನನ್ನೆಸ್ರಿಗ ಆಗ್ಬರಲ್ಲ ಅಂತ ಶಾಸ್ತ್ರದಯ್ಯ ಅವತ್ತೇ ಯೋಳ್ನಿಲ್ವಾ."

ಮರೆತಿರಲಿಲ್ಲ. ಕಾರು ಕೊಳ್ಳುವ ಮುಂಚೆ ಹೆಸರುಬಲ ಕೇಳಲು ಇಬ್ಬರೂ ಪುಣಜನೂರಿಗೆ ಹೋಗಿದ್ದರು. ಅಲ್ಲಿ ಶಾಸ್ತ್ರ ಹೇಳುವ ಮುದುಕ ಬೆರಳು ಮಡಿಸಿ ಎಣಿಸಿ, ಕಬ್ಬಿಣದ ಗಾಡಿ ಗಂಡನ ಹೆಸರಿಗೆ ಬೇಡ, ಈ ಹೆಂಗಸಿನ ಹೆಸರಿಗೆ ಮಾಡಿಸಿ, ಕೈಹಿಡಿಯುತ್ತದೆ ಎಂದಿದ್ದ. ಬರುವಾಗ ಬಸ್ಸಿನಲ್ಲಿ ಮಹಾಲಿಂಗ ಅವಳಿಗೆ ಹೂ ಕೊಡಿಸಿದ್ದ. ಕಾರಿಗಲ್ಲ, ಅವನಿಗೇ ತಾನು ಆಗಿಬಂದೆ ಎಂಬಂತೆ ಅವಳು ಅದನ್ನು ಮುಡಿದುಕೊಂಡಿದ್ದಳು.

ಬಿಂದುಶ್ರೀ ನೀರು ತಂದುಕೊಟ್ಟಳು. ಅವಳೇ ಆ ಇನ್ನೊಬ್ಬಳು. ನೆಲ ನೋಡುತ್ತಾ ಹೇಳಿದಳು: "ನನ್ನೆಸ್ರಿಗೂ ಕೇಳುಸ್ದೊ ಕಣಕ್ಕ. ಆಗ್ಬರಲ್ಲ ಅಂದ್ಬುಟ್ಟ ಆ ಅಯ್ಯ."

"ನನ್ನ ಹೆಸರು ಬೇಕು, ನಾನು ಬೇಡ್ವಾ?" ಎಂದಳು ಸುಧಾಮಣಿ ಗಂಡನಿಗೆ.

"ನಿನ್ನೆಸ್ರು ಆಗ್ಬಂತು. ನೀನು ಆಗ್ಬರ್ನಿಲ್ಲ. ಏನ್ಮಾಡನ ಯೋಳು?"

ಅವನ ಮಾತಿನಲ್ಲಿ ಸಿಟ್ಟಿರಲಿಲ್ಲ. ಈ ಮಣ್ಣಿಗೆ ಈ ಬೆಳೆ ಬರುವುದಿಲ್ಲ ಎಂದಷ್ಟೇ ಸಲೀಸಾಗಿ ಹೇಳಿ, ಫೋನು ತರಲು ಒಳಗೆ ಹೋದ.

ಕಾರಿನ ಬಾಗಿಲು ತೆರೆದೇ ಇತ್ತು, ಕೀ ಅದರಲ್ಲೇ ನೇತಾಡುತ್ತಿತ್ತು. ಇನ್ನೊಂದು ಕೀಯನ್ನು ಅವನು ಒಟ್ಟಿಗಿದ್ದಾಗಲೇ ಕಳೆದಿದ್ದ. ಸುಧಾಮಣಿ ಬಗ್ಗಿ ಕೀ ಎಳೆದುಕೊಂಡಳು. ಬಿಂದುಶ್ರೀ ನೋಡಿದಳು. ನೋಡಿ, ಖಾಲಿ ಲೋಟ ಎತ್ತಿಕೊಂಡು ಮನೆಯ ಹಿಂಭಾಗಕ್ಕೆ ಹೋದಳು, ಅಲ್ಲೇನೋ ಅವಸರದ ಕೆಲಸವಿರುವಂತೆ.

ಬಸ್‌ಸ್ಟ್ಯಾಂಡಿಗೆ ನಡೆದು ಚಾಮರಾಜನಗರದ ಬಸ್ಸು ಹತ್ತಿದಳು. ಬಸ್ಸು ಊರು ದಾಟಿದ ಮೇಲೆ ಫೋನು ಬಂತು. ಬಿಟ್ಟುಹೋದ ಮೇಲೆ ಅವನು ಮಾಡಿದ ಮೊದಲ ಫೋನು.

"ಸುಧಾ, ಎಲ್ಲಿದ್ದೀಯೆ? ಊಟನೂ ಮಾಡ್ದೆ ಓಗ್ಬುಟ್ಯಲ್ಲ."

ಎಷ್ಟು ಮೆತ್ತಗಿನ ದನಿ. ಕೀಗಾಗಿಯೇ ಎಂದು ಗೊತ್ತಿದ್ದೂ ಕಿವಿ ಆ ದನಿಯ ಕಡೆಗೇ ವಾಲಿತು. ಹೊಟ್ಟೆಯಲ್ಲಿ ಹಸಿವೂ ಇತ್ತು. ಅವಳಿಗೆ ಅಳು ಬಂದದ್ದು ಆಗಲೇ.

"ಕೀ ನಾಳೆ ಆರ್‌ಟಿಒ ಆಫೀಸಲ್ಲಿ ಕೊಡ್ತೀನಿ. ಹೆಸರು ಬದಲಾದ ಮೇಲೆ," ಎಂದಳು.

ದನಿ ಬದಲಾಯಿತು. ಬಂಜೆಯೆಂದ, ಕಳ್ಳಿಯೆಂದ, ಅವಳ ತವರಿನವರನ್ನೆಲ್ಲ ಎಳೆದು ತಂದ. ಪಕ್ಕದಲ್ಲಿದ್ದ ಹೆಂಗಸಿಗೂ ಕೇಳಿಸುವಷ್ಟು ಜೋರಾಗಿ ಬೈದ. ಸುಧಾಮಣಿ ಕಟ್ ಮಾಡಲಿಲ್ಲ. ಬೈದು ಬೈದು ದಣಿದು, ಹೂವಿನ ಲೋಡು ಕಾಯುತ್ತಿದೆಯೆಂದು ಗೊಣಗಿ, ಕೊನೆಗೆ ಅವನೇ ನಾಳೆ ಎಷ್ಟೊತ್ತಿಗೆ ಬರಬೇಕು ಎಂದು ಕೇಳಿದ.

"ಹತ್ತೂವರೆಗೆ," ಎಂದಳು.